ಅಗ್ಗದ ಟಿಕೆಟ್ಟು, ದುಬಾರಿ ದಾರಿ

ವಿಮಾನದ ಟಿಕೆಟ್ಟಿನಲ್ಲಿ 1,800 ರೂಪಾಯಿ ಉಳಿಸಿದೆನೆಂದು ಹಿಗ್ಗಿದ್ದ ನಾನು, ಇಳಿದ ರಾತ್ರಿಯೇ ಟ್ಯಾಕ್ಸಿ ಕೌಂಟರಿನ ಮುಂದೆ ಅದರ ಎರಡರಷ್ಟಕ್ಕೂ ಮಿಕ್ಕ ಹಣವನ್ನು ಎಣಿಸಿಕೊಟ್ಟೆ. ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ.

ಎಪ್ಪತ್ತೆಂಟು ವರ್ಷದ ನನ್ನ ತಾಯಿಗೆ ಸಮುದ್ರದ ದಂಡೆಯಲ್ಲಿ ನಾಲ್ಕು ದಿನ ಸುಮ್ಮನೆ ಕುಳಿತಿರಬೇಕೆಂಬ ಆಸೆಯಿತ್ತು. ಅವರು ಹುಟ್ಟಿದ್ದು, ಮದುವೆಯಾಗಿ ಬಂದದ್ದು, ಬದುಕು ಸವೆಸಿದ್ದು ಎಲ್ಲವೂ ಬಯಲುಸೀಮೆಯಲ್ಲಿ. ಗೋವಾದ ದಕ್ಷಿಣದ ಕಾಣಕೋಣ ತಾಲ್ಲೂಕಿನ ಪಾಲೋಲೆಂ ಗದ್ದಲ ಕಡಿಮೆಯಿರುವ ಊರೆಂದು ಕೇಳಿ ಅಲ್ಲಿ ಕೋಣೆ ಕಾದಿರಿಸಿದೆ. ಟಿಕೆಟ್ ತೆಗೆಯುವಾಗ ‘ಗೋವಾ’ ಎಂಬ ದೊಡ್ಡ ಅಕ್ಷರಗಳು ಕಂಡವೇ ಹೊರತು ಪಕ್ಕದಲ್ಲಿದ್ದ ‘ಮೋಪಾ’ ಎಂಬ ಸಣ್ಣ ಅಕ್ಷರಗಳತ್ತ ಕಣ್ಣು ಹಾಯಲಿಲ್ಲ. ಕಾರು ಕಳಿಸಲೇ ಎಂದು ವಸತಿಗೃಹದವರು ಕೇಳಿದಾಗಲೂ, ಅಲ್ಲಿಯೇ ಇನ್ನೂ ಅಗ್ಗಕ್ಕೆ ಸಿಕ್ಕೀತೆಂದು ಬೇಡವೆಂದಿದ್ದೆ.

ವಿಸ್ತೀರ್ಣದಲ್ಲಿ ಗೋವಾ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಆದರೂ ಅಲ್ಲೀಗ ಎರಡು ವಿಮಾನ ನಿಲ್ದಾಣಗಳು. ವಾಸ್ಕೋ ಸಮೀಪದ ದಾಬೋಲಿಂ ಪೋರ್ಚುಗೀಸರು 1950ರ ದಶಕದಲ್ಲಿ ಕಟ್ಟಿದ್ದು. 1961ರ ವಿಮೋಚನೆಯ ನಂತರ ನೌಕಾಪಡೆಯ ವಶಕ್ಕೆ ಬಂತು. ಇಂದಿಗೂ ಅಲ್ಲಿನ ರನ್‌ವೇ ನೌಕಾಪಡೆಯದೇ. ಎರಡನೆಯದು ಪೆರ್ನೆಂ ತಾಲ್ಲೂಕಿನ ಪ್ರಸ್ಥಭೂಮಿಯಲ್ಲಿ, ಮಹಾರಾಷ್ಟ್ರದ ಗಡಿಗೆ ತಾಗಿದಂತಿರುವ ಮೋಪಾ. ಮನೋಹರ ಪರ್ರೀಕರ್ ಅವರ ಹೆಸರನ್ನು ಹೊತ್ತ ಈ ನಿಲ್ದಾಣದಿಂದ 2023ರ ಜನವರಿಯಲ್ಲಿ ವಿಮಾನಗಳು ಹಾರಾಟ ಆರಂಭಿಸಿದವು. ಪಾಲೋಲೆಂ ಇರುವುದು ಕರ್ನಾಟಕದ ಗಡಿಯ ಬಳಿ. ಅಂದರೆ ರಾಜ್ಯವೊಂದರ ಉತ್ತರದ ತುದಿಯಲ್ಲಿ ಇಳಿದು ದಕ್ಷಿಣದ ತುದಿಗೆ, ಸುಮಾರು ನೂರು ಕಿಲೋಮೀಟರ್ ದೂರ, ರಾತ್ರಿ ಹತ್ತು ಗಂಟೆಗೆ ಹೊರಡುವ ಪ್ರಸಂಗ ನಮ್ಮದಾಯಿತು. ದಾಬೋಲಿಂನಲ್ಲಿ ಇಳಿದಿದ್ದರೆ ಸುಮಾರು ಅರವತ್ತೇ ಕಿಲೋಮೀಟರ್.

ಬಸ್ಸಿನ ಹೊತ್ತು ಮೀರಿತ್ತು. ಕೌಂಟರಿನಲ್ಲಿ ಹಣ ಕಟ್ಟಿ ಹೊರಬಂದಾಗ ನಮ್ಮ ಮಾತು ಕೇಳಿಸಿಕೊಂಡ ಚಾಲಕ ಬಾಗಿಲು ತೆರೆದು, “ಸಾವಕಾಶ ಹತ್ರಿ, ಅವ್ವಾರ” ಎಂದ. ಬಾದಾಮಿ ಕಡೆಯ ಕೂಲಿಕಾರ ದಂಪತಿಯ ಮಗ, ಹುಟ್ಟಿದ್ದು ವಾಸ್ಕೋದಲ್ಲಿ. 2004ರಲ್ಲಿ ಬಾಯ್ನಾ ಕಡಲ ದಂಡೆಯ ಗುಡಿಸಲುಗಳನ್ನು ತೆರವುಗೊಳಿಸಿದಾಗ ನೆಲೆ ತಪ್ಪಿದ ಕನ್ನಡಿಗರ ಕುಟುಂಬಗಳಲ್ಲಿ ಅವನದೂ ಒಂದು. ಈಗ ಮಾಪುಸಾ ಬಳಿ ಬಾಡಿಗೆ ಕೋಣೆ. ಕಾರು ಅವನದಲ್ಲ, ಪೆರ್ನೆಂನ ಮಾಲೀಕರೊಬ್ಬರದು. ಇಷ್ಟೊಂದು ಬಾಡಿಗೆಯೇ ಎಂದು ನಾನು ತುಸು ಬಿರುಸಾಗಿಯೇ ಕೇಳಿದೆ. ಅವನು ಸಿಟ್ಟಾಗಲಿಲ್ಲ. “ಮಧ್ಯಾಹ್ನ ಎರಡರಿಂದ ಪಾಳಿ ಹಚ್ಚಿ ನಿಂತೀನ್ರಿ. ಇವತ್ತಿನ ದಿನಕ್ಕ ನಿಮ್ಮದ ಮೊದಲನೇ ಬಾಡಿಗಿ. ತಿರುಗಿ ಬರೂದು ಖಾಲಿ. ಅಲ್ಲಿ ಮಂದಿ ಹತ್ತಿಸಿಕೊಂಡ್ರ ಅಲ್ಲಿ ಸ್ಟ್ಯಾಂಡಿನವ್ರು ಸುಮ್ನ ಬಿಡ್ತಾರೇನ್ರಿ?” ಎಂದ.

ಗೋವಾದ ಟ್ಯಾಕ್ಸಿ ದುಬಾರಿ ಎಂದು ಗೊಣಗದ ಪ್ರವಾಸಿಯಿಲ್ಲ. ಆದರೆ ಆ ಬೆಲೆಯೊಳಗೆ ಏನೇನು ಅಡಗಿದೆ ಎಂಬುದನ್ನು ಅವನ ಮೂರು ಮಾತುಗಳು ತಿಳಿಸಿದವು. ಕಾಯುವ ಅರ್ಧ ದಿನ, ಖಾಲಿ ಮರಳುವ ದಾರಿ, ಪ್ರತಿ ಸ್ಟ್ಯಾಂಡಿಗೂ ಎಳೆದ ಅಗೋಚರ ಗಡಿ. ಇದರ ಮೇಲೆ ಮಳೆಗಾಲದ ತಿಂಗಳುಗಳಲ್ಲಿ ಪ್ರವಾಸಿಗರು ವಿರಳ. ಕಾರಿನ ಸಾಲದ ಕಂತಿಗೆ ಮಾತ್ರ ಮಳೆಗಾಲವೆಂಬುದಿಲ್ಲ.

ಅಲ್ಲಿನ ಗ್ರಾಮಸ್ಥರ ವಾದವೂ ತಳ್ಳಿಹಾಕುವಂಥದ್ದಲ್ಲ. ದೊಡ್ಡ ಹೋಟೆಲುಗಳ ಒಡೆತನ ಬಹುಪಾಲು ಹೊರಗಿನವರದು, ಭೂಮಿ ಕೈಬಿಟ್ಟಿದೆ. ಪ್ರವಾಸೋದ್ಯಮದಲ್ಲಿ ತಮ್ಮದೆಂದು ಉಳಿದಿರುವುದು ಹೋಟೆಲಿನ ಗೇಟಿನ ಮುಂದೆ ನಿಲ್ಲಿಸುವ ಟ್ಯಾಕ್ಸಿಯೊಂದೇ ಎಂಬುದು ಅವರ ಅಳಲು. ಹೀಗಾಗಿಯೇ 2018ರಲ್ಲಿ ಸರ್ಕಾರದ ಬೆಂಬಲದೊಂದಿಗೆ ‘ಗೋವಾಮೈಲ್ಸ್’ ಎಂಬ ಆ್ಯಪ್ ಸೇವೆ ಬಂದಾಗ ಟ್ಯಾಕ್ಸಿಯವರು ಬೀದಿಗಿಳಿದರು. 2021ರಲ್ಲಿ ಮತ್ತೆ ಮುಷ್ಕರ ಹೂಡಿದರು. ಮೋಪಾ ಆರಂಭವಾದಾಗ, ನೆಲ ಕೊಟ್ಟ ತಾಲ್ಲೂಕಿನವರಿಗೇ ನಿಲ್ದಾಣದಲ್ಲಿ ಮೊದಲ ಹಕ್ಕೆಂದು ಪೆರ್ನೆಂನ ಚಾಲಕರು ಹೋರಾಡಿದರು.

ಹಾಗೆಂದು ಪ್ರಯಾಣಿಕನಿಗೆ ಆಗುತ್ತಿರುವ ಅನ್ಯಾಯ ಸುಳ್ಳಾಗುವುದಿಲ್ಲ. ಮೀಟರು ಅಳವಡಿಸಬೇಕೆಂಬ ಮಾತು ವರ್ಷಗಳಿಂದ ನಡೆದೇ ಇದೆ. ಮೀಟರು ನೋಡಿ ಹಣ ಕೊಟ್ಟ ಪ್ರವಾಸಿಯನ್ನು ನಾನಂತೂ ಕಂಡಿಲ್ಲ. ಚೌಕಾಸಿ ಬಲ್ಲವನಿಗೊಂದು ದರ, ಅಪರಾತ್ರಿಯಲ್ಲಿ ವೃದ್ಧ ತಾಯಿಯೊಂದಿಗೆ ನಿಂತವನಿಗೆ ಇನ್ನೊಂದು ದರ ಎಂದಾದರೆ ಅದನ್ನು ಆತಿಥ್ಯವೆನ್ನಲಾಗದು. ಚಾಲಕನ ಹೊಟ್ಟೆಪಾಡು ಮತ್ತು ಪ್ರಯಾಣಿಕನ ಜೇಬು ಇವೆರಡನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚಿರುವುದು ಯಾವುದು? ನನ್ನ ಉತ್ತರ: ನಡುವೆ ಇರಬೇಕಾದ ಬಸ್ಸು ಸಾಲದಿರುವುದು.

ಗೋವಾದ ಸರ್ಕಾರಿ ಸಾರಿಗೆ ಸಂಸ್ಥೆಯ ಹೆಸರು ಕದಂಬ. ಬನವಾಸಿಯ ನೆನಪುಳ್ಳ ಕನ್ನಡಿಗನಿಗೆ ಆ ಹೆಸರು ಓದಿದಾಗಲೇ ಎದೆ ಬೆಚ್ಚಗಾಗುತ್ತದೆ. ಅದರ ಬಸ್ಸುಗಳು ಪಣಜಿ, ಮಡಗಾಂವ್, ವಾಸ್ಕೋಗಳ ನಡುವೆ ಹಗಲಿಡೀ ಅಚ್ಚುಕಟ್ಟಾಗಿ ಓಡುತ್ತವೆ; ಮೋಪಾದಿಂದಲೂ ಓಡತೊಡಗಿವೆ. ಆದರೆ ತಡವಾಗಿ ಇಳಿದವನಿಗೆ, ದೂರದ ದಂಡೆಗೆ ಹೊರಟವನಿಗೆ ಅವು ಒದಗುವುದಿಲ್ಲ. ನಮ್ಮ ದೇವನಹಳ್ಳಿಯ ನಿಲ್ದಾಣವನ್ನು ಊರಿಂದ ದೂರವೆಂದು ನಾವು 2008ರಲ್ಲಿ ಬೈದದ್ದುಂಟು. ಅಂದಿನಿಂದಲೇ ವಾಯು ವಜ್ರ ಬಸ್ಸುಗಳು ಓಡಿದವು. ಆಮೇಲೆ ಮೈಸೂರಿಗೆ ನೇರ ಹೋಗುವ ಫ್ಲೈಬಸ್ ಬಂತು. ಟ್ಯಾಕ್ಸಿಗಳು ಅದರಿಂದ ಮುಳುಗಲಿಲ್ಲ. ಬಸ್ಸೊಂದು ಕಣ್ಣೆದುರು ನಿಂತಿದ್ದರೆ ಟ್ಯಾಕ್ಸಿಯ ದರಕ್ಕೂ ಒಂದು ಮಿತಿ ಬರುತ್ತದೆ, ಪ್ರಯಾಣಿಕನ ಮುಖಕ್ಕೂ ಒಂದು ನೆಮ್ಮದಿ ಬರುತ್ತದೆ, ಅಷ್ಟೆ.

ಸರ್ಕಾರಗಳು ಎಚ್ಚೆತ್ತುಕೊಳ್ಳುವವರೆಗೆ ನಾವು ಮಾಡಬಹುದಾದುದೇನು? ಮೊದಲು ಮಲಗುವ ಊರನ್ನು ನಕ್ಷೆಯಲ್ಲಿ ನೋಡಿ, ಆಮೇಲೆ ಟಿಕೆಟ್ಟಿಗೆ ಕೈಹಾಕಬೇಕು. ಅರಂಬೋಲ್, ಮೋರ್ಜಿಂ, ಅಂಜುನಾ ಕಡೆಗಾದರೆ ಮೋಪಾ. ಕೋಲ್ವಾ, ಬೆನೌಲಿಂ, ಪಾಲೋಲೆಂ ಕಡೆಗಾದರೆ ದಾಬೋಲಿಂ. ಕಲಂಗೂಟಿಗೆ ಎರಡೂ ಹೆಚ್ಚು ಕಡಿಮೆ ಸಮ. ವಿಮಾನದ ದರಕ್ಕೆ ನೆಲದ ದರವನ್ನೂ ಕೂಡಿಸಿಯೇ ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸಬೇಕು. ಸಂಜೆಗೆ ಮುನ್ನ ಇಳಿದರೆ ಬಸ್ಸಿನ ಆಯ್ಕೆ ಉಳಿಯುತ್ತದೆ. ವಸತಿಗೃಹದ ಕಾರಾದರೆ, ರಾತ್ರಿಯ ಹೆಚ್ಚುವರಿಯೂ ನಿಲುಗಡೆಯ ಶುಲ್ಕವೂ ಸೇರಿದೆಯೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಸ್ವತಃ ಓಡಿಸುವ ಬಾಡಿಗೆ ವಾಹನವಾದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವುದನ್ನೇ ಪಡೆಯಬೇಕು. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಒಬ್ಬಂಟಿ, ಒಂದೇ ಚೀಲ ಎಂದಾದರೆ, ಗೋವನ್ನರು ‘ಪೈಲಟ್’ ಎಂದು ಕರೆಯುವ ಮೋಟಾರ್‌ಸೈಕಲ್ ಟ್ಯಾಕ್ಸಿಯಿದೆ. ಪಾಲೋಲೆಂಗೆ ಹೋಗುವ ಬೆಂಗಳೂರಿಗರು ವಿಮಾನವನ್ನೇ ಬಿಡಬಹುದು. ಕಾರವಾರಕ್ಕೆ ರಾತ್ರಿ ರೈಲಿದೆ, ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್.

ಅಂದು ರಾತ್ರಿ ನಾವು ಮಾಂಡೋವಿಯ ಮೇಲೆ 2019ರಲ್ಲಿ ತೆರೆದ ಅಟಲ್ ಸೇತುವೆಯನ್ನೂ, ಝುವಾರಿಯ ಮೇಲೆ 2022ರ ಕೊನೆಯಲ್ಲಿ ತೆರೆದ ಹೊಸ ಸೇತುವೆಯನ್ನೂ ದಾಟಿದೆವು. ತಾಯಿ ನಿದ್ದೆಹೋಗಿದ್ದರು. ಪಾಲೋಲೆಂ ತಲುಪಿದಾಗ ಹನ್ನೆರಡೂವರೆ. ಚೀಲಗಳನ್ನು ಒಳಗಿಟ್ಟ ಚಾಲಕ, ಮಲಗಿಹೋಗೆಂದು ತಾಯಿ ಹೇಳಿದರೂ ಕೇಳದೆ ಚಹಾ ಕುಡಿದು ಹೊರಟ. ಬೆಳಗಿನ ವಿಮಾನಗಳಿಗೆ ಮತ್ತೆ ಪಾಳಿ ಹಚ್ಚಬೇಕಿತ್ತು.

ನಾಲ್ಕು ದಿನ ಅವರು ಮರಳಿನ ಮೇಲೆ ಚಾಪೆ ಹಾಕಿ ಕುಳಿತೇ ಇದ್ದರು. ಹಿಂದಿರುಗುವ ಟಿಕೆಟ್ಟನ್ನು ನಾನು ಬದಲಾಯಿಸಿ ದಾಬೋಲಿಂನಿಂದ ತೆಗೆದುಕೊಂಡಿದ್ದೆ. ಹಗಲಿನ ಪ್ರಯಾಣವಾದ್ದರಿಂದ ಮಡಗಾಂವ್‌ವರೆಗೆ ಒಂದು ಬಸ್ಸು, ಅಲ್ಲಿಂದ ವಾಸ್ಕೋ ಬಸ್ಸು ಹಿಡಿದು ವಿಮಾನ ನಿಲ್ದಾಣದ ತಿರುವಿನಲ್ಲಿ ಇಳಿದೆವು. ಇಬ್ಬರಿಗೂ ಸೇರಿ ಇನ್ನೂರು ರೂಪಾಯಿಯೂ ಆಗಲಿಲ್ಲ. ಉಳಿದ ಹಣದ ಲೆಕ್ಕವನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದರೆ ತಾಯಿ ಕಿಟಕಿಯಾಚೆ ನೋಡುತ್ತಿದ್ದರು. “ಆ ಹುಡುಗನಿಗೆ ಬರುವಾಗ ಯಾರಾದರೂ ಸಿಕ್ಕಿದರೋ ಇಲ್ಲವೋ” ಎಂದರು. ನನ್ನ ಲೆಕ್ಕದಲ್ಲಿ ಆ ಬಾಬತ್ತು ಇರಲಿಲ್ಲ.