ವಿಜಯತೋರಣಗಳು ಮುಚ್ಚಿಡಲಾಗದ ಸತ್ಯ

ಯುದ್ಧದಲ್ಲಿ ಗೆದ್ದವನಿಗೆ ರಾಜ್ಯ ದಕ್ಕಿದರಷ್ಟೇ ಸಾಲದು. ತನ್ನ ಗೆಲುವು ನ್ಯಾಯವಾದದ್ದೆಂದು ಮುಂದಿನ ತಲೆಮಾರುಗಳೂ ಒಪ್ಪಬೇಕು. ಈ ಹಂಬಲಕ್ಕೆ ಕಲ್ಲಿನ ರೂಪ ಕೊಡುವುದರಲ್ಲಿ ಪ್ರಾಚೀನ ರೋಮನ್ನರನ್ನು ಮೀರಿಸಿದವರು ವಿರಳ. ರೋಮ್ ನಗರದಲ್ಲಿ ಹಳೆಯ ಫೋರಂನಿಂದ ಕೊಲೊಸಿಯಂವರೆಗಿನ ಅಲ್ಪ ದೂರದಲ್ಲೇ ಇಂಥ ಮೂರು ವಿಜಯತೋರಣಗಳು ಇಂದಿಗೂ ನಿಂತಿವೆ. ಸೆಪ್ಟಿಮಿಯಸ್ ಸೆವೆರಸ್, ಟೈಟಸ್ ಮತ್ತು ಕಾನ್‌ಸ್ಟಂಟೈನ್ ಚಕ್ರವರ್ತಿಗಳ ಹೆಸರಿನ ಈ ತೋರಣಗಳು ಪ್ರವಾಸಿಗರ ಪಾಲಿಗೆ ಸಾಮ್ರಾಜ್ಯದ ವೈಭವದ ಕುರುಹುಗಳು. ವ್ಯವಧಾನದಿಂದ ಓದಿದವರಿಗೆ ಮಾತ್ರ, ಕಟ್ಟಿಸಿದವರು ಹೇಳಬಯಸದ ಸಂಗತಿಗಳನ್ನೂ ಅವು ಹೇಳುತ್ತವೆ.

ತೋರಣಗಳ ಮೂಲ ಇರುವುದು ವಿಜಯೋತ್ಸವದ ಮೆರವಣಿಗೆಯಲ್ಲಿ. ದಂಡಯಾತ್ರೆ ಮುಗಿಸಿ ಬಂದ ಸೇನಾನಿಗೆ ಸೆನೆಟ್ ಸಮ್ಮತಿ ನೀಡಿದರೆ, ಆತ ನಾಲ್ಕು ಕುದುರೆಗಳ ರಥವೇರಿ ನಗರ ಪ್ರವೇಶಿಸುತ್ತಿದ್ದ. ಕೊಳ್ಳೆ ಹೊಡೆದ ಸಂಪತ್ತು, ಸಂಕೋಲೆ ತೊಟ್ಟ ಸೆರೆಯಾಳುಗಳು ಜನರ ಕಣ್ಣೆದುರು ಸಾಗುತ್ತಿದ್ದವು. ಕ್ಯಾಪಿಟೊಲಿನ್ ಬೆಟ್ಟದ ಜುಪಿಟರ್ ದೇಗುಲದಲ್ಲಿ ಬಲಿ ಅರ್ಪಿಸುವುದರೊಂದಿಗೆ ಉತ್ಸವ ಕೊನೆಗೊಳ್ಳುತ್ತಿತ್ತು. ಕ್ರಿ.ಪೂ. 19ರ ಬಳಿಕ ಈ ಗೌರವ ಚಕ್ರವರ್ತಿಯ ಮನೆತನಕ್ಕಷ್ಟೇ ಮೀಸಲಾಯಿತು. ಮೆರವಣಿಗೆಯ ಸಡಗರ ಕೆಲಕಾಲದ್ದು. ಅದರ ನೆನಪು ಅಳಿಯದಂತೆ ಉಳಿಸುವ ಕೆಲಸ ತೋರಣದ್ದು.

ಕ್ರಿ.ಶ. 70ರಲ್ಲಿ ಟೈಟಸ್‌ನ ಸೇನೆ ಜೆರೂಸಲೇಮನ್ನು ಹಿಡಿದು ಯಹೂದಿಗಳ ಮಹಾದೇಗುಲವನ್ನು ನಾಶಮಾಡಿತು. ಮರುವರ್ಷ ರೋಮ್‌ನಲ್ಲಿ ನಡೆದ ಮೆರವಣಿಗೆಯನ್ನು, ರೋಮನ್ನರಿಗೆ ಶರಣಾಗಿದ್ದ ಯಹೂದಿ ಇತಿಹಾಸಕಾರ ಜೋಸೆಫಸ್ ವಿವರವಾಗಿ ಬಣ್ಣಿಸಿದ್ದಾನೆ. ದಂಗೆಯ ನಾಯಕರಲ್ಲೊಬ್ಬನಾದ ಸೈಮನ್ ಬಾರ್ ಗಿಯೋರಾನನ್ನು ಅಂದೇ ಕೊಲ್ಲಲಾಯಿತು. 81ರಲ್ಲಿ ಟೈಟಸ್ ತೀರಿಕೊಂಡ ಮೇಲೆ ತಮ್ಮ ಡೊಮಿಷಿಯನ್ ಕಟ್ಟಿಸಿದ ತೋರಣದ ಒಳಗೋಡೆಯಲ್ಲಿ ಆ ದೃಶ್ಯ ಉಬ್ಬುಶಿಲ್ಪವಾಗಿದೆ. ದೇಗುಲದ ಏಳು ಕವಲಿನ ದೀಪಸ್ತಂಭ ಮೆನೋರಾವನ್ನು ಸೈನಿಕರು ಹೊತ್ತು ಸಾಗುತ್ತಿದ್ದಾರೆ. ಸೋತವರ ಅವಮಾನವನ್ನು ಸಾರಲೆಂದೇ ಕೆತ್ತಿದ ಶಿಲ್ಪವಿದು. ಆದರೆ ನಾಶವಾದ ದೇಗುಲದ ದೀಪ ಹೇಗಿತ್ತೆಂಬುದಕ್ಕೆ ಇಂದು ಇರುವ ಅತಿ ಪ್ರಸಿದ್ಧ ಸಾಕ್ಷ್ಯವೂ ಇದೇ. 1949ರಲ್ಲಿ ಇಸ್ರೇಲ್ ತನ್ನ ರಾಷ್ಟ್ರಲಾಂಛನವನ್ನು ರೂಪಿಸಿಕೊಂಡಾಗ ಅದರ ಮೆನೋರಾಕ್ಕೆ ಮಾದರಿಯಾದದ್ದು ಗೆದ್ದವರ ಗೋಡೆಯ ಮೇಲಿನ ಈ ಚಿತ್ರವೇ.

ಟೈಟಸ್‌ನ ಗೌರವಾರ್ಥ ಇನ್ನೊಂದು ತೋರಣವೂ ಇತ್ತು. ರಥಸ್ಪರ್ಧೆಗಳು ನಡೆಯುತ್ತಿದ್ದ ಸರ್ಕಸ್ ಮ್ಯಾಕ್ಸಿಮಸ್‌ನ ಒಂದು ತುದಿಯಲ್ಲಿದ್ದ ಅದು ಬಹಳ ಹಿಂದೆಯೇ ಕುಸಿದುಹೋಯಿತು. ಅದಕ್ಕೂ ಮೊದಲು ಯಾರೋ ನಕಲು ಮಾಡಿಕೊಂಡಿದ್ದ ಅದರ ಬರಹ ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದ ಹಸ್ತಪ್ರತಿಯೊಂದರಲ್ಲಿ ಉಳಿದಿದೆ. ಹಿಂದಿನ ಸೇನಾಪತಿಗಳು, ಅರಸರು, ಜನಾಂಗಗಳು ಯಾರಿಂದಲೂ ಸಾಧ್ಯವಾಗದ ಜೆರೂಸಲೇಮಿನ ನಾಶವನ್ನು ಟೈಟಸ್ ಸಾಧಿಸಿದನೆಂಬುದು ಅದರ ಸಾರಾಂಶ. ಇದು ಶುದ್ಧ ಸುಳ್ಳು. ಬ್ಯಾಬಿಲೋನಿನ ಸೇನೆ ಶತಮಾನಗಳ ಹಿಂದೆಯೇ ಆ ನಗರವನ್ನು ಸುಟ್ಟಿತ್ತು. ಸ್ವತಃ ರೋಮನ್ ಸೇನಾನಿ ಪಾಂಪೆ ಕ್ರಿ.ಪೂ. 63ರಲ್ಲಿ ಅದನ್ನು ಗೆದ್ದುಕೊಂಡಿದ್ದ. ಓದುಬರಹ ಬಲ್ಲ ರೋಮನ್ನರಿಗೆ ಇದು ತಿಳಿಯದ ವಿಷಯವೇನಲ್ಲ. ಹೊಗಳುಭಟ್ಟರ ಮಾತು ಕಲ್ಲಿಗೇರಿದ ಮಾತ್ರಕ್ಕೆ ಇತಿಹಾಸವಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಸೆಪ್ಟಿಮಿಯಸ್ ಸೆವೆರಸ್‌ನ ತೋರಣದ ಕಥೆ ಇನ್ನೂ ದಾರುಣ. ಪಾರ್ಥಿಯನ್ನರ ಮೇಲಿನ ವಿಜಯದ ನೆನಪಿಗಾಗಿ 203ರಲ್ಲಿ ನಿಂತ ಈ ತೋರಣದ ಬರಹದಲ್ಲಿ ಚಕ್ರವರ್ತಿಯ ಜತೆಗೆ ಆತನ ಮಕ್ಕಳಾದ ಕ್ಯಾರಕಲ್ಲಾ ಮತ್ತು ಗೇಟಾರ ಹೆಸರುಗಳಿದ್ದವು. 211ರಲ್ಲಿ ತಂದೆ ಸತ್ತ ವರ್ಷವೇ ಕ್ಯಾರಕಲ್ಲಾ ತಮ್ಮನನ್ನು ಕೊಲ್ಲಿಸಿದ. ಕೊಲೆಯಿಂದಲೂ ಸಮಾಧಾನವಾಗದೆ, ಗೇಟಾ ಎಂಬೊಬ್ಬ ಇದ್ದನೆಂಬ ಗುರುತನ್ನೇ ಸಾಮ್ರಾಜ್ಯದ ಉದ್ದಗಲಕ್ಕೂ ಅಳಿಸಲಾಯಿತು. ತೋರಣದ ನಾಲ್ಕನೆಯ ಸಾಲಿನಿಂದ ಅವನ ಹೆಸರನ್ನು ಕಿತ್ತು, ಆ ಜಾಗದಲ್ಲಿ ಉಳಿದಿಬ್ಬರನ್ನು ಹೊಗಳುವ ಪದಗಳನ್ನು ತುಂಬಿದರು. ಆದರೆ ಮೊದಲಿನ ಕಂಚಿನ ಅಕ್ಷರಗಳನ್ನು ಕೂರಿಸಲು ಕೊರೆದಿದ್ದ ರಂಧ್ರಗಳು ಹಾಗೆಯೇ ಉಳಿದವು. ಅವುಗಳನ್ನು ಜೋಡಿಸಿ ವಿದ್ವಾಂಸರು ಗೇಟಾನ ಹೆಸರನ್ನು ಮತ್ತೆ ಓದಿದರು. ನಗರದ ಹಣದ ವರ್ತಕರು ಮತ್ತು ಜಾನುವಾರು ವ್ಯಾಪಾರಿಗಳು 204ರಲ್ಲಿ ಅರ್ಪಿಸಿದ ಚಿಕ್ಕ ತೋರಣವೊಂದರಲ್ಲಿ ತಾಯಿತಂದೆಯರ ಪಕ್ಕದ ಜಾಗ ಬೋಳು ಕಲ್ಲಾಗಿದೆ. ನೋಡಿದವರು ಮೊದಲು ಕೇಳುವುದೇ, ಇಲ್ಲಿ ಯಾರಿದ್ದರು ಎಂದು.

ಕೊಲೊಸಿಯಂನ ಪಕ್ಕದಲ್ಲಿರುವ ಕಾನ್‌ಸ್ಟಂಟೈನ್ ತೋರಣ 315ರದು. 312ರಲ್ಲಿ ಮಿಲ್ವಿಯನ್ ಸೇತುವೆಯ ಬಳಿ ಆತ ಸೋಲಿಸಿದ ಮ್ಯಾಕ್ಸೆಂಷಿಯಸ್ ಪರದೇಶದವನಲ್ಲ, ರೋಮ್ ನಗರವನ್ನೇ ಆಳುತ್ತಿದ್ದವನು. ಅಂತರ್ಯುದ್ಧದ ಗೆಲುವನ್ನು ಹಾಗೆಂದು ಒಪ್ಪಿಕೊಳ್ಳುವುದು ಮುಜುಗರದ ವಿಷಯ. ಆದ್ದರಿಂದ ಬರಹದಲ್ಲಿ ಎದುರಾಳಿಯ ಹೆಸರಿಲ್ಲ. ಬರಿಯ ‘ನಿರಂಕುಶ ದೊರೆ’ ಎಂದಿದೆ. ಅಲಂಕಾರವೂ ಬಹುಪಾಲು ಎರವಲು. ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಆರೀಲಿಯಸ್‌ರ ಕಾಲದ ಶಿಲ್ಪಗಳನ್ನು ತಂದು ಜೋಡಿಸಿ, ಹಲವು ಕಡೆ ಹಳೆಯ ಮುಖವನ್ನು ಕಡೆದು ಹೊಸ ದೊರೆಯ ಮುಖ ಮೂಡಿಸಲಾಗಿದೆ. ಹಿಂದಿನ ಉತ್ತಮ ಅರಸರ ಸಾಲಿಗೆ ಕಾನ್‌ಸ್ಟಂಟೈನ್‌ನನ್ನು ಸೇರಿಸುವ ಗೌರವವಿದೆಂದು ಹೇಳುವ ವಿದ್ವಾಂಸರಿದ್ದಾರೆ. ಇರಬಹುದು. ಆದರೂ ಟ್ರೇಜನ್ ಗೆದ್ದ ಯುದ್ಧಕ್ಕೆ ಬೇರೊಬ್ಬನ ಮುಖ ಬಂದಿತೆಂಬ ಮಾತು ಸುಳ್ಳಾಗುವುದಿಲ್ಲ.

ಹೀಗೆ ಉತ್ಪ್ರೇಕ್ಷೆ, ಅಳಿಸುವಿಕೆ, ಎರವಲು ಎಂಬ ಮೂರು ಉಪಾಯಗಳೂ ಈ ಕಲ್ಲುಗಳಲ್ಲಿವೆ. ಅವು ಎರಡು ಸಾವಿರ ವರ್ಷಗಳ ಹಿಂದೆಯೇ ಮುಗಿದುಹೋದ ಚಾಳಿಗಳಲ್ಲ. ಅಧಿಕಾರ ಬದಲಾದೊಡನೆ ಹೆಸರು ಫಲಕಗಳು ಬದಲಾಗುವುದನ್ನು, ಹಿಂದಿನವರು ಮಾಡಿದ ಕೆಲಸಕ್ಕೆ ಇಂದಿನವರು ತಮ್ಮ ಭಾವಚಿತ್ರ ಅಂಟಿಸಿಕೊಳ್ಳುವುದನ್ನು, ಪಠ್ಯದ ಪುಟಗಳು ಸದ್ದಿಲ್ಲದೆ ಮಾಯವಾಗುವುದನ್ನು ನಾವೂ ಕಾಣುತ್ತಿದ್ದೇವೆ. ಒಪ್ಪದ ಸ್ಮಾರಕವನ್ನು ಕೆಡವಬೇಕೆನ್ನುವವರೂ ಒಪ್ಪುವ ಸ್ಮಾರಕವನ್ನು ಪೂಜಿಸಬೇಕೆನ್ನುವವರೂ ಅದನ್ನು ಓದುವ ಶ್ರಮವನ್ನು ಬಿಟ್ಟುಕೊಡುತ್ತಾರೆ. ಡೊಮಿಷಿಯನ್‌ನ ತೋರಣವನ್ನು ಅದು ಸಾರುವ ಕ್ರೌರ್ಯಕ್ಕಾಗಿ ಯಾರಾದರೂ ಪುಡಿಮಾಡಿದ್ದರೆ ಮೆನೋರಾದ ಆ ಚಿತ್ರವೂ ಪುಡಿಯಾಗುತ್ತಿತ್ತು.

ಆ ತೋರಣಕ್ಕೂ ಒಂದು ಕಷ್ಟಕಾಲ ಬಂದಿತ್ತು. ಮಧ್ಯಯುಗದಲ್ಲಿ ಶ್ರೀಮಂತ ಕುಟುಂಬವೊಂದರ ಕೋಟೆಯೊಳಗೆ ಸೇರಿಹೋಗಿದ್ದ ಅದು, ಸುತ್ತಲಿನ ಕಟ್ಟಡಗಳನ್ನು ತೆಗೆದಾಗ ಆಸರೆಯಿಲ್ಲದೆ ಕುಸಿಯುವಂತಾಯಿತು. 1820ರ ದಶಕದಲ್ಲಿ ವಾಸ್ತುಶಿಲ್ಪಿ ಜ್ಯೂಸೆಪ್ಪೆ ವಲಾದಿಯೆರ್ ಅದರ ಪುನರ್‌ನಿರ್ಮಾಣವನ್ನು ಪೂರೈಸಿದ. ಕಳೆದುಹೋದ ಭಾಗಗಳಿಗೆ ಅಮೃತಶಿಲೆಯನ್ನೇ ಬಳಸಿ ಹಳೆಯದರಂತೆ ಕೆತ್ತಿಸಬಹುದಿತ್ತು. ಹಾಗೆ ಮಾಡದೆ ಟ್ರಾವರ್ಟೈನ್ ಎಂಬ ಬೇರೆ ಬಣ್ಣದ ಸುಣ್ಣಕಲ್ಲನ್ನು ಬಳಸಲಾಯಿತು, ಕೆತ್ತನೆಯನ್ನೂ ಸರಳವಾಗಿಯೇ ಇಡಲಾಯಿತು. ಇನ್ನೂರು ವರ್ಷಗಳ ಬಳಿಕವೂ ಅಲ್ಲಿ ನಿಂತು ನೋಡುವವರಿಗೆ, ರೋಮನ್ನರು ಕಟ್ಟಿದ್ದು ಯಾವುದು, ಮುಂದಿನವರು ಸೇರಿಸಿದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ.