ಹುಚ್ಚುನಾಯಿಯ ರೋಗವೂ ಕಾಡುಮೃಗಗಳೂ

ಹುಚ್ಚುನಾಯಿಯ ಹೆಸರು ಕೇಳಿ ಭಯಪಡದ ತಾಯಿಯಿಲ್ಲ. ಆದರೆ ಈ ರೋಗವು ನಾಯಿಗೆ ಮಾತ್ರ ಸೇರಿದ್ದಲ್ಲ. ನರಿ, ತೋಳ, ಮುಂಗುಸಿ, ಬೆಕ್ಕು, ದನ ಮೊದಲಾಗಿ ಮರಿಗಳಿಗೆ ಹಾಲೂಡಿಸುವ ಪ್ರಾಣಿಗಳೆಲ್ಲಕ್ಕೂ ತಗಲಬಲ್ಲದು. ನಮ್ಮ ದೇಶದಲ್ಲಿ ಇದು ಮನುಷ್ಯರಿಗೆ ಬರುವದು ಬಹುತರವಾಗಿ ನಾಯಿಯಿಂದಲೇ. ಅಮೆರಿಕದಲ್ಲಾದರೋ ಕಾಡುಮೃಗಗಳಿಂದಲೇ ಅಪಾಯವು ಹೆಚ್ಚು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅಲ್ಲಿ ಸಂಸಾರ ಹೂಡಿರುವದರಿಂದ ಆ ದೇಶದ ಸಂಗತಿಯನ್ನೂ ಇಲ್ಲಿ ತಿಳಿಸುವೆವು.

ಅಲ್ಲಿ ರಕೂನ್ ಎಂಬ ಪ್ರಾಣಿಯುಂಟು. ಅದು ಬೆಕ್ಕಿಗಿಂತ ದೊಡ್ಡದು. ಕಣ್ಣುಗಳ ಸುತ್ತ ಕರಿಯ ಪಟ್ಟಿ, ಬಾಲದಲ್ಲಿ ಬಳೆ ತೊಡಿಸಿದಂತೆ ಪಟ್ಟೆಗಳು. ರಾತ್ರಿವೇಳೆ ಮನೆಗಳ ಕಸದ ಡಬ್ಬಿಗಳನ್ನು ಹುಡುಕುತ್ತಾ ಬರುವದು. ದಕ್ಷಿಣದ ಸೀಮೆಯಿಂದ ಬೇಟೆಗಾಗಿ ತಂದುಬಿಟ್ಟ ರಕೂನುಗಳ ಮೂಲಕ ಈ ರೋಗವು 1977ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ಕಾಣಿಸಿಕೊಂಡು, 1990ರಲ್ಲಿ ನ್ಯೂಯಾರ್ಕ್ ಸಂಸ್ಥಾನವನ್ನು ಮುಟ್ಟಿತು. ಆದಾಗ್ಯೂ ರಕೂನಿನ ರೋಗದಿಂದ ಅಲ್ಲಿ ಮನುಷ್ಯನೊಬ್ಬನು ಸತ್ತದ್ದು ಮೊದಲು ಗೊತ್ತಾದದ್ದು 2003ರಲ್ಲಿ. ಕಡಿತವಾದ ಕೂಡಲೇ ಜನರು ವೈದ್ಯರ ಬಳಿಗೆ ಹೋಗುವದೇ ಇದಕ್ಕೆ ಮುಖ್ಯ ಕಾರಣ. ಮೀನಿನ ಹಿಟ್ಟಿನ ಉಂಡೆಗಳಲ್ಲಿ ಲಸಿಕೆಯನ್ನಿಟ್ಟು ಕಾಡುಗಳಲ್ಲಿ ಚೆಲ್ಲಿ, ರಕೂನುಗಳನ್ನೂ ರೋಗದಿಂದ ಕಾಯುತ್ತಾರೆ. ಆ ದೇಶದಲ್ಲಿ ಬಾವಲಿಯನ್ನು ಇನ್ನೂ ಹೆಚ್ಚಾಗಿ ಅಂಜಬೇಕು. ಅದರ ಹಲ್ಲಿನ ಗುರುತು ಕಣ್ಣಿಗೆ ಕಾಣದಷ್ಟು ಚಿಕ್ಕದು. ಮಗುವು ಮಲಗಿದ ಕೋಣೆಯಲ್ಲಿ ಬಾವಲಿಯು ಸಿಕ್ಕಿದರೆ ವೈದ್ಯರನ್ನು ಕೇಳಲೇಬೇಕು.

ರೋಗಾಣುವು ಮೃಗದ ಜೊಲ್ಲಿನಲ್ಲಿದ್ದು, ಗಾಯದ ಮೂಲಕ ಒಳಹೊಕ್ಕು, ನರಗಳ ದಾರಿಯಾಗಿ ಮೆದುಳಿನ ಕಡೆಗೆ ಮೆಲ್ಲಗೆ ಸಾಗುವದು. ಇದಕ್ಕೆ ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುವವು. ನಮಗಿರುವ ಅವಕಾಶವು ಇದೊಂದೇ. ನೀರನ್ನು ಕಂಡು ಹೆದರುವ ಲಕ್ಷಣವು ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಈ ಅವಧಿಯಲ್ಲೇ ಫ್ರಾನ್ಸಿನ ಲೂಯಿ ಪಾಶ್ಚರನು 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರುಷದ ಬಾಲಕನಿಗೆ ಲಸಿಕೆ ಕೊಡಿಸಲು ಆರಂಭಿಸಿ ಅವನನ್ನು ಉಳಿಸಿದನು. ದಕ್ಷಿಣ ಹಿಂದುಸ್ಥಾನದವರಿಗಾಗಿ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಯು ತೆರೆಯಿತು. ಹೊಟ್ಟೆಗೆ ದಿನದಿನವೂ ಚುಚ್ಚುತ್ತಿದ್ದ ಆ ಕಾಲದ ಲಸಿಕೆಯು ಈಗಿಲ್ಲ. ಗೊತ್ತುಮಾಡಿದ ದಿನಗಳಲ್ಲಿ ನಾಲ್ಕೈದು ಸಾರಿ ತೋಳಿಗೆ ಚುಚ್ಚಿಸಿಕೊಂಡರೆ ಸಾಕು.

ಕಚ್ಚಿದ ಅಥವಾ ಪರಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯತಕ್ಕದ್ದು. ಸುಣ್ಣ, ಮೆಣಸಿನಪುಡಿ, ಅರಿಶಿನ, ಕಾಫಿಪುಡಿಗಳನ್ನು ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಆಳವಾದ ಗಾಯಕ್ಕೆ ಲಸಿಕೆಯ ಸಂಗಡ ಗಾಯದ ಸುತ್ತಲೂ ಬೇರೊಂದು ಮದ್ದನ್ನು ಚುಚ್ಚುವರು. ನೋವು ಹೋಯಿತೆಂದು ಲಸಿಕೆಯನ್ನು ನಡುವೆ ನಿಲ್ಲಿಸಬಾರದು. ಕಾಡುಮೃಗವು ಹೆದರಿಕೆಯನ್ನು ಬಿಟ್ಟು ಸಾಧುವಿನಂತೆ ಹತ್ತಿರ ಬಂದರೆ, ಅದನ್ನು ಮುದ್ದಿಸದೆ ಸಂದೇಹಪಟ್ಟು ದೂರ ಸರಿಯುವದು ಒಳ್ಳೇದು.

ಲೋಕದಲ್ಲಿ ಈ ರೋಗದಿಂದ ಸಾಯುವವರಲ್ಲಿ ಹತ್ತಕ್ಕೆ ನಾಲ್ವರು 15 ವರುಷದೊಳಗಿನ ಮಕ್ಕಳು. ಬೀದಿಯ ನಾಯಿಮರಿಯನ್ನು ಎತ್ತಿಕೊಂಡು ಪರಚಿಸಿಕೊಂಡ ಮಗುವು ಬೈಗಳಿಗೆ ಅಂಜಿ ಗಾಯವನ್ನು ಮರೆಮಾಡುವದುಂಟು. ತಿಳಿಯುವ ಹೊತ್ತಿಗೆ ಕಾಲವು ಮೀರಿರುವದು. ಆದದರಿಂದ ತಾಯಿತಂದೆಗಳಲ್ಲಿ ನಾವು ಬೇಡುವದೇನಂದರೆ: ಯಾವ ಪ್ರಾಣಿಯು ಕಚ್ಚಿದರೂ ಪರಚಿದರೂ ಒಡನೆ ಬಂದು ಹೇಳಬೇಕೆಂದು ಮಕ್ಕಳಿಗೆ ಈಗಲೇ ಕಲಿಸಿರಿ, ಹೇಳಿದ ದಿನ ಅವರನ್ನು ಗದರಿಸದೆ, ಮೊದಲು ನೀರಿನ ಬಳಿಗೆ ಕರೆದುಕೊಂಡು ಹೋಗಿರಿ.