ಕೋಡ್ ಕಲಿಯುವವರಿಗೆ ಬಿಡುವೂ ಬೇಕು

ಬೆಳಗಾವಿಯಿಂದ ವೆಂಗುರ್ಲೆಯ ರಸ್ತೆ ಹಿಡಿದರೆ ಶಿನೋಳಿಯ ಹೊತ್ತಿಗೆ ಕೊಲ್ಹಾಪುರ ಜಿಲ್ಲೆಯ ಚಂದಗಡ ತಾಲ್ಲೂಕಿನೊಳಗೆ ಇರುತ್ತೇವೆ. ಗೋಡಂಬಿ, ಕಬ್ಬು, ಭತ್ತದ ಸೀಮೆ ಇದು. ಇಲ್ಲಿನ ಹುಡುಗ ಹುಡುಗಿಯರು ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟರೆ ಬೆಳಗಾವಿಗೋ ಪುಣೆಗೋ ಬೆಂಗಳೂರಿಗೋ ಹೋಗಿ ಬಾಡಿಗೆ ಕೋಣೆ ಹಿಡಿಯಬೇಕು, ಇಲ್ಲವೇ ಆನ್‌ಲೈನ್ ತರಗತಿ ಸೇರಬೇಕು. ಕೆಲವೇ ತಿಂಗಳಲ್ಲಿ ಕೆಲಸ ಕಲಿಸುವ ಕೋಡಿಂಗ್ ಶಾಲೆಗಳ ಕಲ್ಪನೆ ಜನಪ್ರಿಯವಾದದ್ದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆವ್ ಬೂಟ್‌ಕ್ಯಾಂಪ್ ಆರಂಭವಾದ ಮೇಲೆ. ಆ ಶಾಲೆ 2017ರಲ್ಲಿ ಮುಚ್ಚಿತು, ಮಾದರಿ ಮಾತ್ರ ಎಲ್ಲೆಡೆ ಹಬ್ಬಿತು. ಜೊತೆಗೆ ಒಂದು ನಂಬಿಕೆಯೂ ಹಬ್ಬಿತು: ದಿನಕ್ಕೆ ಹೆಚ್ಚು ಗಂಟೆ ಕೂತಷ್ಟೂ ಹೆಚ್ಚು ವಿದ್ಯೆ. ನೆನಪಿನ ಬಗ್ಗೆ ವಿಜ್ಞಾನ ಕಂಡುಕೊಂಡದ್ದನ್ನು ನೋಡಿದರೆ ಈ ಲೆಕ್ಕ ಹೊಸಬರ ಮಟ್ಟಿಗೆ ತಪ್ಪು. ಎಷ್ಟು ಗಂಟೆ ಎಂಬುದಕ್ಕಿಂತ ಆ ಗಂಟೆಗಳ ನಡುವೆ ಎಷ್ಟು ಅಂತರ ಎಂಬುದೇ ದೊಡ್ಡದು.

ಮನಸ್ಸು ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ಸುಮಾರು ನಾಲ್ಕು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಮೊದಲ ವಾರದ ವಿದ್ಯಾರ್ಥಿಯ ಮುಂದೆ ಏನೇನಿರುತ್ತದೆ ನೋಡಿ: ಎಚ್‌ಟಿಎಂಎಲ್‌ನ ಟ್ಯಾಗು, ಸಿಎಸ್‌ಎಸ್‌ನ ನಿಯಮ, ಫೈಲು ಇರುವ ಜಾಗ, ಬ್ರೌಸರ್ ತೋರಿಸುವ ದೋಷ. ಮರಾಠಿಯಲ್ಲೋ ಕನ್ನಡದಲ್ಲೋ ಓದಿ ಬಂದವರಿಗೆ ಇದರ ಮೇಲೆ ಇಂಗ್ಲಿಷ್ ವಿವರಣೆಯ ಹೊರೆ ಬೇರೆ. ಕೋಡ್ ಹೇಗಿದ್ದರೂ ಇಂಗ್ಲಿಷಿನಲ್ಲೇ ಅಲ್ಲವೇ ಎಂದು ಕೇಳಬಹುದು. ಆದರೆ ಆರಂಭಕ್ಕೆ ಬೇಕಾದ ಟ್ಯಾಗುಗಳು ಕೆಲವೇ ಡಜನ್, ಅವನ್ನು ಚಿಹ್ನೆಗಳಂತೆ ಕಲಿತುಬಿಡಬಹುದು. ಕಷ್ಟವಿರುವುದು ತರ್ಕದಲ್ಲಿ, ಅದನ್ನು ಮನೆಮಾತಿನಲ್ಲಿ ವಿವರಿಸಲು ಯಾವ ಅಡ್ಡಿಯೂ ಇಲ್ಲ.

ಅಂತರದ ಮಹತ್ವಕ್ಕೆ ಒಳ್ಳೆಯ ಸಾಕ್ಷಿ ಬ್ರಿಟನ್ನಿನ ಅಂಚೆ ನೌಕರರಿಂದ ಬಂದಿದೆ. ಅವರಿಗೆ ಕೀಲಿಮಣೆ ಕಲಿಸುವ ಪ್ರಯೋಗವೊಂದರ ಫಲಿತಾಂಶವನ್ನು ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು ಕೀಲಿಗಳನ್ನೆಲ್ಲ ಅರಿಯಲು ಒಟ್ಟು ಸುಮಾರು 35 ಗಂಟೆ ತೆಗೆದುಕೊಂಡರು. ಎರಡೆರಡು ಗಂಟೆಯಂತೆ ದಿನಕ್ಕೆರಡು ಸಲ ಕೂತವರಿಗೆ ಬೇಕಾದದ್ದು ಸುಮಾರು 50 ಗಂಟೆ. ವಿಚಿತ್ರವೆಂದರೆ, ಕಡಿಮೆ ಶ್ರಮದಲ್ಲಿ ಕಲಿತ ಆ ಒಂದು ಗಂಟೆಯ ಗುಂಪಿಗೇ ತನ್ನ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ಸಮಾಧಾನ. ದಿನಗಳು ಉರುಳುತ್ತಿವೆ, ನಾವು ಹಿಂದೆ ಬಿದ್ದಿದ್ದೇವೆ ಎಂಬ ಭಾವನೆ ಅವರದಾಗಿದ್ದಿರಬೇಕು. ಕಲಿಯುವವರ ಸ್ವಂತ ಅನಿಸಿಕೆಯನ್ನು ನಂಬಿ ವೇಳಾಪಟ್ಟಿ ಮಾಡಬಾರದು ಎಂಬುದಕ್ಕೆ ಇದಕ್ಕಿಂತ ಕಾರಣ ಬೇಕೇ?

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ದಿನಕ್ಕೊಂದು ಗಂಟೆಯವರಿಗೆ ವಾರಗಳು ಹಿಡಿದವು. ಬಾಡಿಗೆ ಕಟ್ಟಿ ಕೂತ ಚಂದಗಡದ ಹುಡುಗಿಗೆ ಅಷ್ಟು ವ್ಯವಧಾನ ಎಲ್ಲಿದೆ? ಕೀಲಿಮಣೆಯಂಥ ಒಂದೇ ವಿದ್ಯೆಯಾಗಿದ್ದರೆ ಈ ಮಾತಿಗೆ ಉತ್ತರವಿರುತ್ತಿರಲಿಲ್ಲ. ವೆಬ್ ಕೆಲಸದಲ್ಲಿ ವಿಷಯಗಳು ಹಲವು. ಸಿಎಸ್‌ಎಸ್ ಅನ್ನು ಒಂದೇ ವಾರದಲ್ಲಿ ಮುಗಿಸಿ ಕಟ್ಟಿಡುವ ಬದಲು ಎಂಟು ವಾರಕ್ಕೆ ಹರಡಿ, ನಡುವಿನ ಹೊತ್ತಿನಲ್ಲಿ ಜಾವಾಸ್ಕ್ರಿಪ್ಟ್, ಡೇಟಾಬೇಸ್ ಕಲಿಸಿದರೆ ಒಂದರ ಬಿಡುವು ಇನ್ನೊಂದರ ಪಾಠವಾಗುತ್ತದೆ. ಕೋರ್ಸಿಗೆ ಒಂದು ದಿನವೂ ಹೆಚ್ಚು ಬೇಕಿಲ್ಲ. ಬೆರಳಿನ ಕೌಶಲಕ್ಕೆ ಮಾತ್ರ ಇದು ಹೊಂದುತ್ತದೆ ಎನ್ನುವಂತೆಯೂ ಇಲ್ಲ: ರೋರರ್ ಮತ್ತು ಟೇಲರ್ 2006ರಲ್ಲಿ ಗಣಿತದ ಲೆಕ್ಕಗಳಲ್ಲೂ ಇದನ್ನೇ ಕಂಡರು. ಅಷ್ಟೇ ಲೆಕ್ಕಗಳನ್ನು ವಾರದ ಅಂತರದಲ್ಲಿ ಎರಡು ಕಂತಾಗಿ ಮಾಡಿದವರು ನಾಲ್ಕು ವಾರದ ಬಳಿಕ ಬಹಳ ಮುಂದಿದ್ದರು.

ಅಂತರದಲ್ಲಿ ಸ್ವಲ್ಪ ಮರೆವು ಬರುತ್ತದೆ, ಬರಲಿ. ಮರೆತದ್ದನ್ನು ತಡಕಾಡಿ ನೆನೆಯುವ ಪ್ರಯತ್ನವೇ ನೆನಪನ್ನು ಗಟ್ಟಿ ಮಾಡುತ್ತದೆ. ರೋಡಿಗರ್ ಮತ್ತು ಕಾರ್ಪಿಕೆಯವರ 2006ರ ಪ್ರಯೋಗದಲ್ಲಿ ಪಾಠವನ್ನು ಮತ್ತೊಮ್ಮೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಓದದೆ ನೆನಪಿನಿಂದ ಬರೆದವರು ವಾರದ ನಂತರ ಅವರನ್ನು ಹಿಂದಿಕ್ಕಿದರು. ವಿಡಿಯೊ ನೋಡುತ್ತ ಕೋಡ್ ನಕಲು ಮಾಡುವುದು ಮತ್ತೆ ಓದಿದಂತೆ, ಖಾಲಿ ಫೈಲಿನ ಮುಂದೆ ಕೂರುವುದು ನೆನೆದು ಬರೆದಂತೆ. ತಪ್ಪೂ ಇಲ್ಲಿ ಗುರುವೇ. ಜಾವಾಸ್ಕ್ರಿಪ್ಟಿಗೆ ‘ಚಂದಗಡ’ ಎಂಬ ಹೆಸರು ಕೊಟ್ಟು ಅದರ ಉದ್ದ ಕೇಳುವ ಮೊದಲು ಊಹಿಸಲು ಹೇಳಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಉತ್ತರ ಬರುವುದು 5, ಏಕೆಂದರೆ ಯುನಿಕೋಡ್‌ನಲ್ಲಿ ಅನುಸ್ವಾರಕ್ಕೆ ಅದರದೇ ಸಂಕೇತವಿದೆ. ಮರಾಠಿಯಲ್ಲಿ ಬರೆದರೂ ಅದೇ 5. ಧೈರ್ಯವಾಗಿ ಹೇಳಿದ ಉತ್ತರ ತಪ್ಪಾದಾಗ ತಿದ್ದುಪಡಿ ಹೆಚ್ಚು ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ ಎಂದು ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ 2001ರಲ್ಲಿ ತೋರಿಸಿದ್ದಾರೆ.

ಪೂರ್ತಿ ತಾಣವೊಂದನ್ನು ಕಟ್ಟುವಾಗ, ಅಡಗಿದ ದೋಷ ಹುಡುಕುವಾಗ ಎಳೆ ತಪ್ಪದಂತೆ ನಾಲ್ಕೈದು ಗಂಟೆ ಕೂರಲೇಬೇಕಾಗುತ್ತದೆ, ಒಪ್ಪುತ್ತೇನೆ. ಅದು ಕಲಿತದ್ದನ್ನು ದುಡಿಸುವ ಹೊತ್ತು. ಹೊಸದನ್ನು ತುಂಬುವ ಹೊತ್ತಿಗೂ ಅದೇ ಅಳತೆ ಹಿಡಿಯುವುದು ಸಲ್ಲದು. ಇಚಲಕರಂಜಿಯ ಮಗ್ಗದ ಪಾಳಿ ಮುಗಿಸಿ, ಗಡಹಿಂಗ್ಲಜದ ಅಂಗಡಿಯ ಬಾಗಿಲು ಹಾಕಿ ರಾತ್ರಿ ಒಂದು ಗಂಟೆ ಲ್ಯಾಪ್‌ಟಾಪ್ ತೆರೆಯುವವರಿಗೆ ಅಂಚೆ ನೌಕರರ ಆ 35 ಗಂಟೆಯ ವಿಷಯ ಮೊದಲ ದಿನವೇ ಗೊತ್ತಾಗಬೇಕು.